ಸ್ಟೆಮ್ ಸೆಲ್ ಹೆಸರಿನಲ್ಲಿ ಮನವಿ ಬಂದರೆ ಜಮಾಅತ್ ಏನು ಕೇಳಬೇಕು?

ಜುಮಾ ನಮಾಝ್ ಮುಗಿದ ಮೇಲೆ ಮಸೀದಿಯಲ್ಲಿ ಓದುವ ಸಹಾಯದ ಮನವಿಗಳಲ್ಲಿ ಮೊದಲೆಲ್ಲ ಹೃದಯದ ಆಪರೇಷನ್, ಕಿಡ್ನಿ, ಕ್ಯಾನ್ಸರ್ ಅಂತ ಇರುತ್ತಿತ್ತು. ಈಗ ಅದರ ಜೊತೆ 'ಸ್ಟೆಮ್ ಸೆಲ್ ಚಿಕಿತ್ಸೆ' ಎಂಬ ಮಾತೂ ಸೇರಿಕೊಳ್ಳುತ್ತಿದೆ. ಅಡಿಕೆ ಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ಯುವಕನಿಗೆ, ಮಾತು ಬಾರದ ಮಗುವಿಗೆ, ಗಲ್ಫ್‌ನಲ್ಲಿ ಇಪ್ಪತ್ತೈದು ವರ್ಷ ನಿಂತು ದುಡಿದು ಮೊಣಗಂಟು ಸವೆಸಿಕೊಂಡು ಊರಿಗೆ ಬಂದವರಿಗೆ, ಎಲ್ಲರಿಗೂ ಇದೊಂದೇ ಮದ್ದು ಎನ್ನುವ ಹಾಗೆ ಪ್ರಚಾರ ನಡೆಯುತ್ತಿದೆ. ಮೊಬೈಲ್ ತೆರೆದರೆ ಇನ್ನೂ ಮುಂದೆ ಹೋಗಿದ್ದಾರೆ. ಮುಖದ ಸುಕ್ಕು ಹೋಗುತ್ತದೆ, ಕೂದಲು ಬರುತ್ತದೆ, ಅರುವತ್ತರಲ್ಲಿ ಮೂವತ್ತರ ಶಕ್ತಿ ಬರುತ್ತದೆ ಎನ್ನುತ್ತಾರೆ.

"ಉಸ್ತಾದರೇ, ಇದು ಮಾಡಿಸಬಹುದಾ?" ಅಂತ ನಮ್ಮಂಥವರಲ್ಲಿ ಕೇಳುವವರಿದ್ದಾರೆ. ಹಲಾಲೋ ಹರಾಮೋ ಎಂಬುದು ಅವರ ಪ್ರಶ್ನೆ. ಅದಕ್ಕೆ ಉತ್ತರ ಅಷ್ಟೇನೂ ಕಷ್ಟದ್ದಲ್ಲ. ಮಕ್ಕಾದ ರಾಬಿತ ಸಂಸ್ಥೆಯ ಫಿಕ್ಹ್ ಮಂಡಳಿ 2003ರಲ್ಲೇ ಈ ವಿಷಯ ಚರ್ಚಿಸಿದೆ. ದೊಡ್ಡವರ ದೇಹದಿಂದ, ಅವರಿಗೆ ಹಾನಿಯಾಗದಂತೆ ತೆಗೆದ ಕೋಶಗಳು, ಹೆರಿಗೆಯ ನಂತರ ಹೊಕ್ಕುಳಬಳ್ಳಿಯಿಂದ ಸಿಗುವ ಕೋಶಗಳು ಚಿಕಿತ್ಸೆಗೆ ಅನುವದನೀಯ ಎಂದೂ, ಅದಕ್ಕಾಗಿಯೇ ಬೇಕೆಂದು ಗರ್ಭಪಾತ ಮಾಡಿಸಿ ತೆಗೆಯುವುದು ಸಲ್ಲದು ಎಂದೂ ಹೇಳಿದೆ. ಆದರೆ ಅನುವದನೀಯವಾದುದೆಲ್ಲ ಫಲ ಕೊಡುತ್ತದೆ ಎಂದಲ್ಲವಲ್ಲ. ಕೇಳಬೇಕಾದ ಎರಡನೇ ಪ್ರಶ್ನೆ, "ಇದರಿಂದ ಗುಣವಾಗುತ್ತದೆಯೇ?" ಎಂಬುದು. ಇದನ್ನು ಕೇಳುವವರು ಕಡಿಮೆ. ಹಣ ಹೋಗುವುದು ಅಲ್ಲಿಯೇ.

ಮೊದಲು ವಿಷಯ ಏನೆಂದು ತಿಳಿಯೋಣ. ನಮ್ಮ ದೇಹದ ಹೆಚ್ಚಿನ ಜೀವಕೋಶಗಳಿಗೆ ಒಂದೊಂದು ಕೆಲಸ ನಿಗದಿಯಾಗಿದೆ. ನರದ ಕೋಶ ನರವೇ, ಸ್ನಾಯುವಿನ ಕೋಶ ಸ್ನಾಯುವೇ. ಆದರೆ ಕೆಲವು ಕೋಶಗಳು ಗದ್ದೆಯ ಮೂಲೆಯಲ್ಲಿ ಬೆಳೆಸಿಟ್ಟ ನೇಜಿಯ ಹಾಗೆ. ತಾವೂ ಹೆಚ್ಚುತ್ತವೆ, ಬೇಕಾದ ಕಡೆ ಹೊಸ ಕೋಶಗಳಾಗಿ ಬೆಳೆಯುತ್ತವೆ. ಕನ್ನಡದಲ್ಲಿ ಇದಕ್ಕೆ ಕಾಂಡಕೋಶ, ಆಕರಕೋಶ ಎಂದೆಲ್ಲ ಬರೆಯುತ್ತಾರೆ. ನಮ್ಮ ಮೂಳೆಯ ಮಜ್ಜೆಯಲ್ಲಿ ಇಂತಹ ಕೋಶಗಳಿವೆ. ಅಲ್ಲಿಂದ ದಿನಕ್ಕೆ ಸುಮಾರು 20,000 ಕೋಟಿ ಕೆಂಪು ರಕ್ತಕಣಗಳು ತಯಾರಾಗುತ್ತವೆ. ಚರ್ಮದ ಅಡಿಯಲ್ಲಿ ಇವೆ, ಕಣ್ಣಿನ ಕರಿಗುಡ್ಡೆಯ ಅಂಚಿನಲ್ಲಿ ಇವೆ. ಗಾಯ ಮಾಗುವುದು, ಉದುರಿದ ಚರ್ಮ ಮತ್ತೆ ಬರುವುದು ಇವುಗಳಿಂದಲೇ.

ಹಾಗಾದರೆ ಇದೆಲ್ಲ ಸುಳ್ಳೇ? ಅಲ್ಲ. ಇದರಲ್ಲಿ ಸತ್ಯವಾದ ಒಂದು ಭಾಗವಿದೆ, ಅದು ಅದ್ಭುತವೂ ಹೌದು. ಅಮೆರಿಕದ ವೈದ್ಯ ಡೊನಾಲ್ ಥಾಮಸ್ 1950ರ ದಶಕದಲ್ಲಿ ಅಸ್ಥಿಮಜ್ಜೆ ಕಸಿಗೆ ದಾರಿ ಹಾಕಿದರು, 1990ರಲ್ಲಿ ಅವರಿಗೆ ನೊಬೆಲ್ ಬಂತು. ಇವತ್ತು ರಕ್ತದ ಕ್ಯಾನ್ಸರ್, ಥಲಸ್ಸೀಮಿಯಾ, ಅಪ್ಲಾಸ್ಟಿಕ್ ಅನೀಮಿಯಾದಂಥ ಕಾಯಿಲೆಗಳಲ್ಲಿ ಸ್ಟೆಮ್ ಸೆಲ್ ಕಸಿಯಿಂದ ಜೀವ ಉಳಿದವರು ನಮ್ಮ ದೇಶದಲ್ಲೂ ಬಹಳ ಮಂದಿ ಇದ್ದಾರೆ. ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಆಸ್ಪತ್ರೆಯ ವೈದ್ಯರು, ರಾಸಾಯನಿಕ ಬಿದ್ದು ಸುಟ್ಟ ಕಣ್ಣಿಗೆ ರೋಗಿಯದ್ದೇ ಇನ್ನೊಂದು ಕಣ್ಣಿನ ಅಂಚಿನಿಂದ ಕೋಶ ತೆಗೆದು ಹಾಕಿ ದೃಷ್ಟಿ ತರಿಸುವ ಸುಲಭ ವಿಧಾನವನ್ನು 2012ರಲ್ಲಿ ಪ್ರಕಟಿಸಿದರು. ವೀಳ್ಯಕ್ಕೆ ಹಚ್ಚುವ ಸುಣ್ಣದ ಪೊಟ್ಟಣ ಒಡೆದು ಕಣ್ಣು ಸುಟ್ಟುಕೊಂಡ ಮಕ್ಕಳಿಗೆ ಇದೆಷ್ಟು ದೊಡ್ಡ ಉಪಕಾರ ಎಂದು ಯೋಚಿಸಿ. 2017ರಲ್ಲಿ ಜರ್ಮನಿ ಮತ್ತು ಇಟಲಿಯ ವೈದ್ಯರು ಇನ್ನೊಂದು ಸುದ್ದಿ ಕೊಟ್ಟರು. ಮುಟ್ಟಿದರೆ ಚರ್ಮ ಕಳಚುವ ಕಾಯಿಲೆಯಿಂದ ಸಾವಿನಂಚಿಗೆ ಹೋಗಿದ್ದ, ಸಿರಿಯಾದಿಂದ ನಿರಾಶ್ರಿತರಾಗಿ ಬಂದ ಕುಟುಂಬದ ಏಳು ವರ್ಷದ ಬಾಲಕನಿಗೆ, ಅವನದ್ದೇ ಕೋಶಗಳ ದೋಷ ಸರಿಪಡಿಸಿ, ಪ್ರಯೋಗಾಲಯದಲ್ಲಿ ಬೆಳೆಸಿದ ಚರ್ಮ ಹೊದಿಸಿದರು. ದೇಹದ ಸುಮಾರು ನೂರಕ್ಕೆ 80 ಭಾಗ! ಆ ಹುಡುಗ ಶಾಲೆಗೆ ಹೋಗುವಂತಾದ.

ಇವೆಲ್ಲ ನಿಜ. ಈ ನಿಜವನ್ನೇ ಬಂಡವಾಳ ಮಾಡಿಕೊಂಡು ವ್ಯಾಪಾರ ಮಾಡುವವರು ಹುಟ್ಟಿಕೊಂಡಿದ್ದಾರೆ ಎಂಬುದೇ ನಮ್ಮ ತಕರಾರು. ಮಜ್ಜೆಯ ಕೋಶ ರಕ್ತ ತಯಾರಿಸುತ್ತದೆ, ಅದು ಅದರ ಹುಟ್ಟುಗುಣ. ಕಣ್ಣಿನ ಅಂಚಿನ ಕೋಶ ಕಣ್ಣಿನ ಮೇಲ್ಪದರ ಕಟ್ಟುತ್ತದೆ, ಅದೂ ಅದರ ಹುಟ್ಟುಗುಣ. ಆದರೆ ಹೊಟ್ಟೆಯ ಕೊಬ್ಬಿನಿಂದ ತೆಗೆದ ಕೋಶವನ್ನು ಬೆನ್ನಿಗೆ ಚುಚ್ಚಿದರೆ ಅದು ತುಂಡಾದ ನರವಾಗಿ ಬೆಳೆಯುತ್ತದೆ, ಮಗುವಿನ ಮೆದುಳನ್ನು ಸರಿ ಮಾಡುತ್ತದೆ, ಮುಪ್ಪನ್ನು ಓಡಿಸುತ್ತದೆ ಎನ್ನುವುದಕ್ಕೆ ಆಧಾರ ಬೇಕಲ್ಲವೇ? ಬಾಳೆಯ ಕಂದು ನೆಟ್ಟು ತೆಂಗಿನಕಾಯಿ ಕೊಯ್ಯಲು ಕಾದ ಹಾಗಾಗಬಾರದು.

ಸರಕಾರದ ನಿಲುವು ಈ ವಿಷಯದಲ್ಲಿ ಸ್ಪಷ್ಟವಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ರಕ್ತ ಸಂಬಂಧಿತ ನಿಗದಿತ ಕಾಯಿಲೆಗಳ ಕಸಿ ಬಿಟ್ಟರೆ ಬೇರಾವ ಸ್ಟೆಮ್ ಸೆಲ್ ಬಳಕೆಯೂ ಮಾಮೂಲು ಚಿಕಿತ್ಸೆಯಲ್ಲ. ಉಳಿದದ್ದೆಲ್ಲ ಪ್ರಯೋಗ. ಪ್ರಯೋಗವಾದರೆ ಅನುಮತಿ ಬೇಕು, ನೋಂದಣಿ ಬೇಕು, ರೋಗಿಯಿಂದ ಅದಕ್ಕೆ ಹಣ ಪಡೆಯುವಂತಿಲ್ಲ. 2021ರಲ್ಲಿ ಅದೇ ಮಂಡಳಿ ಒಂದೊಂದೇ ಕಾಯಿಲೆಯ ಸಾಕ್ಷ್ಯಾಧಾರ ಪರಿಶೀಲಿಸಿ ವರದಿಯನ್ನೂ ಕೊಟ್ಟಿತು. ಇನ್ನು ಜಾಹೀರಾತಿನ ವಿಷಯ. ಪಾರ್ಶ್ವವಾಯು, ಮಧುಮೇಹ ಮುಂತಾದವನ್ನು ಗುಣಪಡಿಸುತ್ತೇವೆ ಎಂದು ಔಷಧದ ಜಾಹೀರಾತು ಕೊಡುವುದನ್ನು ನಿಷೇಧಿಸುವ ಕಾಯ್ದೆ ನಮ್ಮಲ್ಲಿ 1954ರಿಂದಲೇ ಇದೆ. ಯೌವನ ಮರಳಿಸುತ್ತೇವೆ, ಅಕಾಲ ಮುಪ್ಪು ತಡೆಯುತ್ತೇವೆ ಎಂದು ಯಾವ ಔಷಧವೂ ಹೇಳಿಕೊಳ್ಳಬಾರದು ಎಂದು ಔಷಧ ನಿಯಮಗಳ 'ಜೆ' ಅನುಸೂಚಿ ಹೇಳುತ್ತದೆ. ಕಾನೂನು ಪುಸ್ತಕದಲ್ಲಿದೆ, ಜಾಹೀರಾತು ಮೊಬೈಲಿನಲ್ಲಿದೆ.

"ಆದರೆ ಉಸ್ತಾದ್, ವೀಡಿಯೊದಲ್ಲಿ ಒಬ್ಬ ಎದ್ದು ನಡೆಯುತ್ತಾನಲ್ಲಾ" ಎನ್ನುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಬೆನ್ನುಹುರಿಗೆ ಪೆಟ್ಟಾದವರಲ್ಲಿ ಹುರಿ ಪೂರ್ತಿ ಹಾನಿಯಾಗದೇ ಇದ್ದರೆ, ಮೊದಲ ಆರು ತಿಂಗಳಿಂದ ಒಂದು ವರ್ಷದ ಒಳಗೆ ಸ್ವಲ್ಪವೋ ಹೆಚ್ಚೋ ಶಕ್ತಿ ತಾನಾಗಿ ಮರಳುವುದುಂಟು. ಆ ಸಮಯದಲ್ಲಿ ಏನು ಚುಚ್ಚಿದರೂ ಕೀರ್ತಿ ಚುಚ್ಚಿದವನಿಗೇ ಹೋಗುತ್ತದೆ. ಮೊಣಗಂಟಿನ ನೋವೂ ಹಾಗೆ, ಒಂದು ತಿಂಗಳು ಜಾಸ್ತಿ, ಇನ್ನೊಂದು ತಿಂಗಳು ಕಡಿಮೆ. ನೋವು ಜಾಸ್ತಿಯಾದಾಗಲೇ ನಾವು ಡಾಕ್ಟರರ ಬಳಿ ಓಡುವುದು. ಆಮೇಲೆ ಅದು ಇಳಿಯುವುದು ಹೇಗೂ ಇಳಿಯುತ್ತದೆ. ಹಾಗಾಗಿ ಚುಚ್ಚಿಸಿಕೊಂಡ ನೂರು ಜನರನ್ನು ಚುಚ್ಚಿಸಿಕೊಳ್ಳದ ನೂರು ಜನರ ಜೊತೆ ಹೋಲಿಸಿ ನೋಡದೆ ಸತ್ಯ ತಿಳಿಯುವುದಿಲ್ಲ. ಅಮೆರಿಕದಲ್ಲಿ ಹಾಗೆ ಹೋಲಿಸಿ ನೋಡಿದ್ದಾರೆ. ಮೊಣಗಂಟು ಸವೆದ ಸುಮಾರು 480 ಜನರಲ್ಲಿ ಕೆಲವರಿಗೆ ಮಜ್ಜೆಯಿಂದ, ಕೆಲವರಿಗೆ ಕೊಬ್ಬಿನಿಂದ, ಕೆಲವರಿಗೆ ಹೊಕ್ಕುಳಬಳ್ಳಿಯಿಂದ ತೆಗೆದ ಕೋಶಗಳನ್ನು, ಇನ್ನು ಕೆಲವರಿಗೆ ಹಳೆಯ ಅಗ್ಗದ ಸ್ಟಿರಾಯ್ಡ್ ಇಂಜೆಕ್ಷನನ್ನು ಕೊಟ್ಟು ಒಂದು ವರ್ಷ ನೋಡಿದರು. 2023ರಲ್ಲಿ ಫಲಿತಾಂಶ ಪ್ರಕಟವಾಯಿತು. ಕೋಶದ ಇಂಜೆಕ್ಷನುಗಳಲ್ಲಿ ಯಾವುದೂ ಸ್ಟಿರಾಯ್ಡ್‌ಗಿಂತ ಮೇಲೆಂದು ಕಾಣಲಿಲ್ಲ.

ಹಣ ಹೋದರೆ ಹೋಗಲಿ, ಪ್ರಯತ್ನ ಮಾಡಿದ್ದೇವೆ ಎಂಬ ಸಮಾಧಾನವಾದರೂ ಇರಲಿ ಎನ್ನುವವರೂ ಇದ್ದಾರೆ. ಹೋಗುವುದು ಹಣ ಮಾತ್ರ ಆಗಿದ್ದರೆ ಸರಿ. ಅಮೆರಿಕದ ಫ್ಲೋರಿಡಾದ ಒಂದು ಕ್ಲಿನಿಕ್‌ನಲ್ಲಿ ದೃಷ್ಟಿ ಮಂದವಾಗಿದ್ದ ಮೂವರು ಮಹಿಳೆಯರು ಕೊಬ್ಬಿನಿಂದ ತೆಗೆದ ಕೋಶಗಳನ್ನು ಕಣ್ಣಿಗೆ ಚುಚ್ಚಿಸಿಕೊಂಡರು. ಇದ್ದ ದೃಷ್ಟಿಯೂ ಹೋಯಿತು. 2017ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಆ ವರದಿ ಬಂತು. ಇಸ್ರೇಲಿನ ಒಬ್ಬ ಬಾಲಕನಿಗೆ ಮಾಸ್ಕೋದಲ್ಲಿ ಮೆದುಳಿಗೆ ಕೋಶ ಹಾಕಿಸಿದ್ದರು. ವರ್ಷಗಳ ಬಳಿಕ ಅವನ ಮೆದುಳು ಮತ್ತು ಬೆನ್ನುಹುರಿಯಲ್ಲಿ ಗಡ್ಡೆ ಬೆಳೆದಿತ್ತು, ಪರೀಕ್ಷಿಸಿದರೆ ಅದು ಕೊಟ್ಟವರ ಕೋಶಗಳದ್ದೇ. ಹೆಚ್ಚುವ ಶಕ್ತಿ ಇರುವುದರಿಂದಲೇ ಈ ಕೋಶಗಳಿಗೆ ಬೆಲೆ. ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲದಿದ್ದರೆ ಅದೇ ಶಕ್ತಿ ಗಡ್ಡೆಯಾಗುತ್ತದೆ.

ಹಾಗೆಂದು ಸಂಶೋಧನೆ ನಿಂತಿಲ್ಲ, ನಿಲ್ಲಲೂಬಾರದು. ಜಪಾನಿನ ಶಿನ್ಯಾ ಯಮನಾಕ 2006ರಲ್ಲಿ ಇಲಿಯ ಸಾಮಾನ್ಯ ಕೋಶವನ್ನು ಹಿಂದಕ್ಕೆ ತಿರುಗಿಸಿ ಎಳೆಯ ಆಕರಕೋಶವಾಗಿಸಬಹುದು ಎಂದು ತೋರಿಸಿದರು, ಮರುವರ್ಷ ಮನುಷ್ಯರ ಕೋಶದಲ್ಲೂ ಮಾಡಿದರು. 2012ರಲ್ಲಿ ನೊಬೆಲ್ ಪಡೆದರು. ಅದೇ ದಾರಿಯಲ್ಲಿ ಟೋಕಿಯೋದ ಕೇಯೋ ವಿಶ್ವವಿದ್ಯಾನಿಲಯದವರು ಬೆನ್ನುಹುರಿ ಪೆಟ್ಟಾದ ನಾಲ್ವರಿಗೆ ಕೋಶ ಹಾಕಿ, 2025ರಲ್ಲಿ ಇಬ್ಬರಲ್ಲಿ ಸುಧಾರಣೆ ಕಂಡಿತೆಂದು ಹೇಳಿದ್ದಾರೆ. ಗಮನಿಸಿ, ಜಗತ್ತಿನ ದೊಡ್ಡ ಪ್ರಯೋಗಾಲಯ, ವರ್ಷಗಟ್ಟಲೆ ಶ್ರಮ, ಆದರೂ ಅವರು ಹೇಳುವುದು ನಾಲ್ಕು ಜನರ ಲೆಕ್ಕ. ಇಲ್ಲಿ ಬಸ್‌ಸ್ಟ್ಯಾಂಡ್ ಬದಿಯ ಫ್ಲೆಕ್ಸ್‌ನಲ್ಲಿ ಸಾವಿರ ಜನರನ್ನು ಗುಣಪಡಿಸಿದ ಲೆಕ್ಕ ಸಿಗುತ್ತದೆ. ಯಾರ ಮಾತಿಗೆ ತೂಕ ಕೊಡಬೇಕು ಎಂದು ಓದುಗರೇ ಹೇಳಲಿ.

ನಮ್ಮದೇ ರಾಜ್ಯದ ಒಂದು ಉದಾಹರಣೆಯನ್ನೂ ಹೇಳಬೇಕು. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಎಂಬ ಸಂಸ್ಥೆ ಆರೋಗ್ಯವಂತ ದಾನಿಗಳ ಮಜ್ಜೆಯ ಕೋಶಗಳಿಂದ ತಯಾರಿಸಿದ ಔಷಧಕ್ಕೆ ದೇಶದ ಔಷಧ ನಿಯಂತ್ರಕರಿಂದ 2016ರಲ್ಲಿ ಸೀಮಿತ ಅನುಮತಿ ಸಿಕ್ಕಿತು. ಅದು ಬರ್ಗರ್ ಕಾಯಿಲೆಗೆ. 2022ರಲ್ಲಿ ಮೊಣಗಂಟಿನ ಸವೆತಕ್ಕೂ ಅನುಮತಿ ಬಂತು. ಅಂದರೆ ಪ್ರಯೋಗ ನಡೆಸಿ, ಲೆಕ್ಕ ಒಪ್ಪಿಸಿ, ಅನುಮತಿ ಪಡೆಯುವ ದಾರಿ ತೆರೆದೇ ಇದೆ. ಆ ದಾರಿಯಲ್ಲಿ ಬಂದವರನ್ನು ಡಾಕ್ಟರರ ಸಲಹೆಯಂತೆ ನೋಡೋಣ, ಬಾರದವರನ್ನು ಯಾಕೆ ಬರಲಿಲ್ಲ ಎಂದು ಕೇಳೋಣ. ಮತ್ತೆ ಈ ಬರ್ಗರ್ ಕಾಯಿಲೆ ಏನು? ಕೈಕಾಲಿನ ರಕ್ತನಾಳ ಮುಚ್ಚಿ, ಬೆರಳು ಕಪ್ಪಾಗಿ, ಕೊನೆಗೆ ಕಾಲು ಕತ್ತರಿಸಬೇಕಾಗುವ ರೋಗ. ಹೆಚ್ಚಾಗಿ ಬರುವುದು ಬೀಡಿ ಸಿಗರೇಟು ಸೇದುವ ನಡುವಯಸ್ಸಿನೊಳಗಿನ ಗಂಡಸರಿಗೆ. ನಮ್ಮ ಎಷ್ಟೋ ಮನೆಗಳಲ್ಲಿ ಉಮ್ಮಂದಿರು ಬೀಡಿ ಕಟ್ಟಿಯೇ ಮಕ್ಕಳನ್ನು ಓದಿಸಿದ್ದಾರೆ, ಅವರ ಬೆವರಿಗೆ ನಾವು ತಲೆಬಾಗುತ್ತೇವೆ. ಆದರೆ ಸೇದುವುದನ್ನು ಬಿಡದೆ ಆ ಕಾಲನ್ನು ಯಾವ ಕೋಶವೂ ಉಳಿಸದು. ಇಲ್ಲಿ ಮೊದಲ ಮದ್ದು ಬೀಡಿ ಬಿಡುವುದು. ಅದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಯೌವನದ ಮಾತಿಗೆ ಬರೋಣ. ಇಲಿಗಳಲ್ಲಿ ಕೋಶಗಳ ವಯಸ್ಸನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಿದ ಪ್ರಯೋಗಗಳು ನಡೆದಿವೆ, ಸುಳ್ಳಲ್ಲ. ಇಲಿಯಿಂದ ಮನುಷ್ಯನವರೆಗೆ ದಾರಿ ಬಹಳ ದೂರ. ಡ್ರಿಪ್ ಹಾಕಿ, ಕ್ರೀಮ್ ಹಚ್ಚಿ ಯೌವನ ಮರಳಿಸುವ ಅನುಮೋದಿತ ಸ್ಟೆಮ್ ಸೆಲ್ ಚಿಕಿತ್ಸೆ ಇವತ್ತು ಇಲ್ಲ. ಕೆಲವು ಕಡೆ ರೋಗಿಯದ್ದೇ ರಕ್ತ ತೆಗೆದು, ತಿರುಗಿಸಿ, ಪ್ಲೇಟ್‌ಲೆಟ್ ಬೇರ್ಪಡಿಸಿ ಚುಚ್ಚುವ 'ಪಿಆರ್‌ಪಿ'ಯನ್ನೇ ಸ್ಟೆಮ್ ಸೆಲ್ ಎಂದು ಹೇಳಿ ದುಡ್ಡು ತೆಗೆಯುತ್ತಾರೆ. ಅದು ಸ್ಟೆಮ್ ಸೆಲ್ಲೇ ಅಲ್ಲ. ಚಿಕಿತ್ಸೆ ಮಾಡಿಸಿಕೊಳ್ಳಿ, ಪ್ರತಿ ರೋಗಕ್ಕೂ ಮದ್ದಿದೆ ಎಂದು ಕಲಿಸಿದ ನಮ್ಮ ಪ್ರವಾದಿಯವರು ಅದರಿಂದ ಮುಪ್ಪನ್ನು ಹೊರಗಿಟ್ಟಿದ್ದಾರೆ ಎಂಬುದನ್ನು ಮದ್ರಸದ ಮಕ್ಕಳೂ ಕಲಿಯುತ್ತಾರೆ. ಮುಪ್ಪು ನಾಚಿಕೆಯ ವಿಷಯವಲ್ಲ. ನರೆತ ಗಡ್ಡಕ್ಕೆ ನಮ್ಮಲ್ಲಿ ಗೌರವವಿದೆ.

ಈಗ ಜಮಾಅತ್ ಕಮಿಟಿಗಳಿಗೆ ನಮ್ಮ ಮಾತು. ಝಕಾತ್, ಸದಕಾ ಎಂದು ಜನ ಕೊಡುವ ಹಣ ಕಮಿಟಿಯ ಕೈಯಲ್ಲಿರುವ ಅಮಾನತ್. ಲೆಟರ್‌ಹೆಡ್‌ನಲ್ಲಿ ಸೀಲು ಹಾಕಿ ಶಿಫಾರಸು ಕೊಟ್ಟರೆ, ಗಲ್ಫ್‌ನ ಹುಡುಗರು ಆ ಸೀಲನ್ನು ನಂಬಿ ಓವರ್‌ಟೈಮ್ ದುಡ್ಡು ಕಳಿಸುತ್ತಾರೆ. ಹಾಗಾಗಿ ಸ್ಟೆಮ್ ಸೆಲ್ ಎಂದು ಮನವಿ ಬಂದಾಗ ನಾಲ್ಕು ಪ್ರಶ್ನೆ ಕೇಳುವುದನ್ನು ರೂಢಿ ಮಾಡಿಕೊಳ್ಳಲಿ. ಒಂದು, ಕಾಯಿಲೆ ಯಾವುದು? ಥಲಸ್ಸೀಮಿಯಾ, ರಕ್ತದ ಕ್ಯಾನ್ಸರ್‌ನಂಥದ್ದಾದರೆ ಅದು ನಿಜವಾದ ಚಿಕಿತ್ಸೆ, ತಡಮಾಡದೆ ಕೈ ಹಿಡಿಯಬೇಕು. ಎರಡು, ಬೇರೆ ಕಾಯಿಲೆಯಾದರೆ ಆ ಔಷಧಕ್ಕೆ ಔಷಧ ನಿಯಂತ್ರಕರ ಅನುಮತಿ ಇದೆಯೇ? ಕಾಗದ ತೋರಿಸಲಿ. ಮೂರು, ಪ್ರಯೋಗ ಎಂದರೆ ಅದರ ನೋಂದಣಿ ಸಂಖ್ಯೆ ಏನು? ಸಿಟಿಆರ್‌ಐ ಎಂಬ ಸರಕಾರಿ ನೋಂದಣಿಯಲ್ಲಿ ಅದನ್ನು ಯಾರು ಬೇಕಾದರೂ ಮೊಬೈಲಿನಲ್ಲೇ ನೋಡಬಹುದು. ಮತ್ತೆ ಪ್ರಯೋಗವಾದರೆ ಲಕ್ಷ ಲಕ್ಷ ಕೇಳುವುದು ಯಾಕೆ? ನಾಲ್ಕು, ಚಿಕಿತ್ಸೆ ಮಾರುವವರಲ್ಲದ, ಬೇರೊಬ್ಬ ತಜ್ಞರ ಅಭಿಪ್ರಾಯ ಪಡೆದಿದ್ದಾರೆಯೇ? ನಮ್ಮ ಸಮುದಾಯದಲ್ಲಿ ಈಗ ಡಾಕ್ಟರರಿಗೆ ಕೊರತೆಯಿಲ್ಲ. ಪ್ರತಿ ವಲಯದಲ್ಲಿ ಇಬ್ಬರು ಮೂವರು ವೈದ್ಯರ ಸಣ್ಣ ಸಮಿತಿ ಮಾಡಿ, ಮನವಿಗಳನ್ನು ಅವರಿಗೆ ತೋರಿಸುವುದು ಕಷ್ಟದ ಕೆಲಸವೇನಲ್ಲ.

ಇದರರ್ಥ ಮನವಿ ತಂದ ಬಾಪನನ್ನು ಬರಿಗೈಯಲ್ಲಿ ಕಳಿಸುವುದಲ್ಲ. ಮಗನಿಗಾಗಿ ಜಾಗ ಮಾರಲೂ ತಯಾರಾಗಿ ಬಂದವರಿಗೆ ಬುದ್ಧಿ ಹೇಳಿ ಕಳಿಸಿದರೆ ಅದು ಕ್ರೌರ್ಯ. ಅದೇ ಹಣದಿಂದ ಮಾಡಬಹುದಾದ ಕೆಲಸ ಬಹಳ ಇದೆ. ಬೆನ್ನುಹುರಿ ಪೆಟ್ಟಾದವರನ್ನು ಕಾಡುವುದು ಕಾಲಿನ ಬಲಹೀನತೆ ಮಾತ್ರವಲ್ಲ, ಮಲಗಿದಲ್ಲೇ ಆಗುವ ಹುಣ್ಣು, ಮೂತ್ರದ ಸೋಂಕು. ಇವು ಜೀವ ತೆಗೆಯುತ್ತವೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಒಳ್ಳೆಯ ಹಾಸಿಗೆ, ಕ್ರಮವಾದ ಫಿಸಿಯೋಥೆರಪಿ, ಅಳತೆಗೆ ಸರಿಯಾದ ಗಾಲಿಕುರ್ಚಿ, ಬಾತ್‌ರೂಮಿಗೆ ಇಳಿಜಾರು ದಾರಿ, ಕೂತು ಮಾಡುವ ಒಂದು ಉದ್ಯೋಗ ಇವೆಲ್ಲ ಫಲ ಕೊಡುವುದು ಖಚಿತ. ವೆಲ್ಲೂರಿನ ಸಿಎಂಸಿಯ ಡಾ. ಮೇರಿ ವರ್ಗೀಸ್ 1954ರಲ್ಲಿ ರಸ್ತೆ ಅಪಘಾತದಲ್ಲಿ ಸೊಂಟದ ಕೆಳಗಿನ ಸ್ವಾಧೀನ ಕಳೆದುಕೊಂಡರು. ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು, 1966ರಲ್ಲಿ ಅಲ್ಲಿ ಪುನರ್ವಸತಿ ಕೇಂದ್ರವನ್ನೇ ತೆರೆದರು. ನಡೆಯಲಾಗದಿದ್ದರೂ ಬದುಕು ಕಟ್ಟಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಇನ್ನೊಂದು ಕೆಲಸ ನಮ್ಮ ಯುವಕರದ್ದು. ರಕ್ತದಾನದಲ್ಲಿ ಬ್ಯಾರಿ ಯುವಕರು ಹಿಂದೆ ಬಿದ್ದವರಲ್ಲ. ಮಧ್ಯರಾತ್ರಿ ಕರೆ ಬಂದರೂ ಬೈಕ್ ಹತ್ತಿ ಹೋಗುತ್ತಾರೆ. ಆದರೆ ಸ್ಟೆಮ್ ಸೆಲ್ ದಾನಿಗಳಾಗಿ ಹೆಸರು ಬರೆಸಿದವರು ನಮ್ಮಲ್ಲಿ ಎಷ್ಟು ಮಂದಿ? ಥಲಸ್ಸೀಮಿಯಾ ಅಥವಾ ರಕ್ತದ ಕ್ಯಾನ್ಸರ್ ಇರುವ ಮಗುವಿಗೆ ಕಸಿ ಮಾಡಲು ಕೋಶದ ಗುರುತು ಹೊಂದಬೇಕು. ಒಡಹುಟ್ಟಿದ ಒಬ್ಬರದ್ದು ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು ಮಾತ್ರ. ಮನೆಯಲ್ಲಿ ಸಿಗದಿದ್ದರೆ ಹೊರಗೆ ಹುಡುಕಬೇಕು, ಆಗ ಒಂದೇ ಮೂಲದ, ಒಂದೇ ಸಮುದಾಯದ ಜನರಲ್ಲಿ ಸಿಗುವ ಸಾಧ್ಯತೆ ಹೆಚ್ಚು. ನಮ್ಮ ಜನ ಹೆಸರು ಬರೆಸದಿದ್ದರೆ ನಮ್ಮ ಮಗುವಿಗೆ ದಾನಿ ಎಲ್ಲಿಂದ ಸಿಗಬೇಕು? ಚೆನ್ನೈಯ ದಾತ್ರಿ ಎಂಬ ನೋಂದಣಿ ಸಂಸ್ಥೆ 2009ರಿಂದ ಈ ಕೆಲಸ ಮಾಡುತ್ತಿದೆ. ಹೆಸರು ಬರೆಸಲು ಕೆನ್ನೆಯ ಒಳಗಿನಿಂದ ಹತ್ತಿಯ ಕಡ್ಡಿಯಲ್ಲಿ ಸವರಿ ಕೊಟ್ಟರೆ ಸಾಕು. ಮುಂದೆ ಯಾರಿಗಾದರೂ ಹೊಂದಿದರೆ, ನಾಲ್ಕೈದು ದಿನ ಇಂಜೆಕ್ಷನ್ ತೆಗೆದುಕೊಂಡು, ಪ್ಲೇಟ್‌ಲೆಟ್ ಕೊಡುವ ಹಾಗೆ ತೋಳಿನಿಂದಲೇ ಕೊಡುವುದು. ಬೆನ್ನು ಕೊರೆಯುತ್ತಾರೆ ಎಂಬ ಹೆದರಿಕೆ ಬೇಡ. ಬಡ ಮಕ್ಕಳ ಕಸಿಗೆ ಸಹಾಯವೂ ಇದೆ. ಥಲಸ್ಸೀಮಿಯಾ ಬಾಲ ಸೇವಾ ಯೋಜನೆಯಲ್ಲಿ ಕೋಲ್ ಇಂಡಿಯಾ ಸಂಸ್ಥೆ ಆಯ್ದ ಆಸ್ಪತ್ರೆಗಳಲ್ಲಿ 10 ಲಕ್ಷ ರೂಪಾಯಿವರೆಗೆ ಕೊಡುತ್ತದೆ. ಇದನ್ನು ತಿಳಿಸಿಕೊಡುವುದೂ ಸೇವೆಯೇ.

ಆಶೆ ಬೇಡ ಎಂದು ನಾವು ಯಾರಿಗೂ ಹೇಳುವುದಿಲ್ಲ. ರೋಗಿಯ ಆಶೆಯನ್ನು ಹರಾಜಿಗೆ ಇಡುವವರ ಕೈಗೆ ಜಮಾಅತ್‌ನ ಸೀಲು ಸಿಗದಿರಲಿ ಎನ್ನುತ್ತೇವೆ ಅಷ್ಟೆ. ಮುಂದಿನ ಸಲ ನಿಮ್ಮೂರಿನಲ್ಲಿ ರಕ್ತದಾನ ಶಿಬಿರ ಆಗುವಾಗ ಪಕ್ಕದಲ್ಲೇ ಸ್ಟೆಮ್ ಸೆಲ್ ದಾನಿಗಳ ನೋಂದಣಿಗೂ ಒಂದು ಮೇಜು ಹಾಕಿಸಿ. ಮೊದಲ ಹೆಸರು ಕಮಿಟಿಯ ಯುವಕರದ್ದೇ ಇರಲಿ.